ತೊಟ್ಟಿಲುಗಾಡಿಯಲ್ಲಿ ಜ್ಞಾನಮ್ಮನ ಜಾಗ

ಸಂತಿಯಾಗು ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ಏಕಾಂತಯ್ಯನವರ ಬೆಲ್ಲ-ಹುಣಿಸೆಹಣ್ಣಿನ ಸಗಟು ಅಂಗಡಿಯ ಗುಮಾಸ್ತ. ಗುಮಾಸ್ತ ಎಂದು ಅವನೇ ಹೇಳಿಕೊಳ್ಳುತ್ತಿದ್ದ. ಗಾಡಿಗಳು ಸಾಲುಗಟ್ಟಿ ಬಂದ ದಿನ ಮೂಟೆಗೂ ಹೆಗಲು ಕೊಡುತ್ತಿದ್ದುದನ್ನು ಮಾತ್ರ ಹೇಳಿಕೊಳ್ಳುತ್ತಿರಲಿಲ್ಲ. ವಾರವೆಲ್ಲ ಬೆಲ್ಲದ ನಡುವೆ ಕೂತು ಭಾನುವಾರ ಪೂಜೆಗೆ ಹೋದರೆ, ಅವನು ಮೊಣಕಾಲೂರಿದ ಕಡೆಗೆ ಇರುವೆಗಳು ಹುಡುಕಿಕೊಂಡು ಬರುತ್ತಿದ್ದವು. ಹೆಂಗಸರು ಕೂರುವ ಬದಿಯಿಂದ ಯಾರೂ ಹಾಗೆ ಹುಡುಕಿಕೊಂಡು ಬಂದದ್ದಿಲ್ಲ.

ಹೊಸ ದೊಡ್ಡ ಚರ್ಚಿನ ಗೋಡೆಗಳು ಇನ್ನೂ ಆಳೆತ್ತರ ಎದ್ದಿದ್ದ ವರ್ಷ ಅದು. ಅದರ ಹಿಂದಿನ ಬೀದಿಯ ಹೆಂಚಿನ ಮನೆಯಲ್ಲಿ ಅವನೂ ಅವನ ತಾಯಿ ಜ್ಞಾನಮ್ಮನೂ ಇಬ್ಬರೇ ಇದ್ದರು. ತಂದೆ ಬಾಲರಾಜ್ ಅರಮನೆ ಲಾಯದಲ್ಲಿ ಕುದುರೆಗಳ ಜೀನು ಹೊಲಿಯುತ್ತಿದ್ದವನು. ದೊಡ್ಡ ಯುದ್ಧ ಮುಗಿದ ವರ್ಷ ಊರಿಗೆಲ್ಲ ಬಂದ ಆ ಹಾಳು ಜ್ವರ ಅವನನ್ನು ಎತ್ತಿಕೊಂಡು ಹೋಯಿತು. ಮಗನನ್ನೂ ಎತ್ತಿಕೊಳ್ಳುವುದರಲ್ಲಿತ್ತು. ಗಂಡನನ್ನು ಮಣ್ಣು ಮಾಡಿ ಬಂದ ಸಂಜೆ ಜ್ಞಾನಮ್ಮ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ವೇಳಾಂಕಣಿಯ ಆರೋಗ್ಯ ಮಾತೆಗೆ ಹರಕೆ ಹೊತ್ತಳು. ಇವನನ್ನು ಉಳಿಸಿಕೊಡು ತಾಯಿ, ನಾನೇ ಕೈಹಿಡಿದು ಕರಕೊಂಡು ಬಂದು ನಿನ್ನ ಪಾದಕ್ಕೆ ಒಪ್ಪಿಸುತ್ತೇನೆ ಎಂದಳು. ಮಾತೆ ತನ್ನ ಪಾಲಿನದನ್ನು ಮಾಡಿದಳು. ಮಗು ಎದ್ದು ಕೂತಿತು, ಗಂಜಿ ಕುಡಿಯಿತು, ಬೆಳೆದು ಗುಮಾಸ್ತನಾಯಿತು. ಇದಕ್ಕಿಂತ ಹೆಚ್ಚಿನದನ್ನು ಮಾತೆ ಮಾಡಬಹುದಿತ್ತೇನೋ ಎಂದು ಸಂತಿಯಾಗುವಿಗೆ ಆಗಾಗ ಅನ್ನಿಸುತ್ತಿತ್ತು. ತಾಯಿಯ ಮುಂದೆ ಹೇಳುವ ಧೈರ್ಯ ಇರಲಿಲ್ಲ.

ಜ್ಞಾನಮ್ಮ ಮಾತ್ರ ತನ್ನ ಪಾಲಿನದನ್ನು ಮಾಡಿರಲಿಲ್ಲ. ಮೊದಲ ವರ್ಷಗಳಲ್ಲಿ ಕನ್ಯಾಮಠದ ಬಟ್ಟೆ ಹೊಲಿದು ಎರಡು ಹೊಟ್ಟೆ ತುಂಬಿಸುವುದೇ ಆಯಿತು. ಆಮೇಲೆ ಕೈ ಸ್ವಲ್ಪ ಬಿಡುವಾಗುವ ಹೊತ್ತಿಗೆ ಮಂಡಿನೋವು ಹಿಡಿದುಕೊಂಡಿತು. ಈಗ ಹಳೇ ಚರ್ಚಿನ ಮೆಟ್ಟಿಲು ಹತ್ತಬೇಕಾದರೂ ಗೋಡೆಗೆ ಕೈ ಕೊಟ್ಟು, ಒಂದು ಮೆಟ್ಟಿಲಿಗೆ ಎರಡೂ ಪಾದ ಇಟ್ಟು ಹತ್ತುತ್ತಿದ್ದಳು.

ರೈಲಿನಲ್ಲಿ ಹೋಗಬಹುದಲ್ಲ ಎಂದು ಮಗ ಕೇಳಿದ್ದುಂಟು. ಅದನ್ನು ತೀರ್ಮಾನಿಸಿದವರು ಇನ್ನಾಸಪ್ಪನವರು. ಅವರು ಮುಂಚೆ ಉಪದೇಶಿಯಾಗಿದ್ದು ಮಕ್ಕಳಿಗೆ ಜಪ ಕಲಿಸುತ್ತಿದ್ದವರು. ಪ್ರತಿ ವರ್ಷ ಮಾತೆಯ ಹಬ್ಬಕ್ಕೆ ಬೀದಿಯ ಹತ್ತಾರು ಜನರನ್ನು ಕಟ್ಟಿಕೊಂಡು ವೇಳಾಂಕಣಿಗೆ ನಡೆದೇ ಹೋಗುವವರು. ಹರಕೆಯ ಕಾಯಿದೆಯಲ್ಲಿ ಫಾದರ್ ಸ್ವಾಮಿಗಳೂ ಅವರನ್ನು ಒಂದು ಮಾತು ಕೇಳುತ್ತಿದ್ದರು.

"ರೈಲಲ್ಲಿ ಹೋದ್ರೆ ಅದು ಹರಕೆ ಅಲ್ಲ ಕಣಮ್ಮ ಜ್ಞಾನಮ್ಮ, ನೆಂಟರ ಮನೆಗೆ ಹೋದಂಗೆ. ಮೈಗೆ ಒಂಚೂರು ಕಷ್ಟ ಬೇಡ್ವಾ? ಕಿಟಕಿ ಪಕ್ಕ ಕೂತು ಚಕ್ಕುಲಿ ತಿನ್ಕೊಂಡು ಮಾತೆ ಹತ್ರ ಹೋಗ್ತಾರಾ?" ಎಂದಿದ್ದರು ಅವರು. ಜ್ಞಾನಮ್ಮ ಮತ್ತೆ ರೈಲಿನ ಮಾತೆತ್ತಲಿಲ್ಲ.

ಹೀಗಿರುವಾಗ ಸಂತಿಯಾಗುವಿಗೆ ಮೋಟಾರ್ ಸೈಕಲ್ ಬಂತು. ಅವನು ಅದನ್ನು ಗಳಿಸಿದ್ದೂ ಅಲ್ಲ, ಗೆದ್ದದ್ದೂ ಅಲ್ಲ. ಊರು ಬಿಟ್ಟು ಹೋಗುತ್ತಿದ್ದ ಯಾರೋ ಕಾಫಿ ತೋಟದ ದೊರೆಯ ಸಾಮಾನು ಹರಾಜಾದಾಗ ಏಕಾಂತಯ್ಯನವರು ಹುಮ್ಮಸ್ಸಿನಲ್ಲಿ ಕೂಗಿ ತಂದಿದ್ದ ಹಳೇ ಗಾಡಿ ಅದು. ಪಕ್ಕದಲ್ಲಿ ಒಬ್ಬರು ಕಾಲು ಚಾಚಿ ಕೂರುವಂಥ, ಒಂದೇ ಚಕ್ರದ ತೊಟ್ಟಿಲು ಸೇರಿಸಿದ್ದರು. ಏಕಾಂತಯ್ಯನವರು ಒಂದು ಸಲ ಅದನ್ನು ಹತ್ತಿದರು. ಗಾಡಿ ನೇರವಾಗಿ ತಮ್ಮದೇ ಗೋದಾಮಿನ ಹುಣಿಸೆಹಣ್ಣಿನ ರಾಶಿಯೊಳಗೆ ಹೋಗಿ ನಿಂತಿತು. ಅವರನ್ನು ಎಳೆದು ಹೊರಗೆ ತೆಗೆದವರಲ್ಲಿ ಸಂತಿಯಾಗುವೂ ಒಬ್ಬ. ಆಮೇಲೆ ವರ್ಷಗಟ್ಟಲೆ ಅದು ಅಲ್ಲೇ ಗೋಣಿಚೀಲಗಳ ಕೆಳಗೆ ಬಿದ್ದಿತ್ತು.

ಒಂದು ದಿನ ಜಾಗ ಸಾಲದೆ ಹೋದಾಗ ಅವರು ಹೇಳಿದರು, "ಸಂತಿಯಾಗು, ಆ ಪಟಪಟಿ ತಗೊಂಡು ಹೋಗಯ್ಯ. ನಿನಗೇ ಇರಲಿ. ನನ್ನ ಕಣ್ಣಿಗೆ ಮಾತ್ರ ಬೀಳಬಾರದು."

"ಯಜಮಾನರೇ, ನನಗೆ ಬಿಡಕ್ಕೆ ಬರಲ್ವಲ್ಲ."

"ನನಗೆ ಬಂತೇನಯ್ಯ?"

ಹೀಗೆ ಅದು ಕೈಗೆ ಬಂತು. ಅದಕ್ಕೆ ಜೀವ ಬರಿಸಿದವನು ಅವನ ಗೆಳೆಯ ಸಿದ್ದರಾಜು. ಹಿನಕಲ್ಲಿನ ರೈತರ ಮನೆಯ ಹುಡುಗ, ಹೊಲಕ್ಕೆ ಬೆನ್ನು ಹಾಕಿ ದಿನಾ ಮಂಡಿ ಮೊಹಲ್ಲಾಕ್ಕೆ ನಡೆದು ಬಂದು ನಂಜಯ್ಯನ ಸೈಕಲ್ ಶಾಪಿನಲ್ಲಿ ಕೆಲಸ ಮಾಡುತ್ತಿದ್ದ. ಎಂಜಿನನ್ನು ಬಿಚ್ಚಿ ಅದರೊಳಗಿಂದ ಒಂದು ಮುಷ್ಟಿ ಹುಣಿಸೆಬೀಜ ತೆಗೆದು ಸಂತಿಯಾಗುವಿನ ಅಂಗೈಗೆ ಹಾಕಿದ.

"ತಗೋ, ನಿಮ್ಮ ಯಜಮಾನ್ರಿಗೆ ವಾಪಸ್ ಕೊಡು. ತೂಕದಲ್ಲಿ ಕಮ್ಮಿ ಬಂದಿದ್ದು ಇದೇಯ."

ಮೂರನೆಯ ಭಾನುವಾರ ಗಾಡಿ ಕೆಮ್ಮಿತು, ಹೊಗೆ ಉಗುಳಿತು, ಇಡೀ ಬೀದಿಯ ನಾಯಿಗಳನ್ನು ಎಬ್ಬಿಸಿ ಶುರುವಾಯಿತು. ಜ್ಞಾನಮ್ಮ ಬಾಗಿಲಲ್ಲಿ ನಿಂತು ಗಾಡಿಯನ್ನು ನೋಡಲಿಲ್ಲ, ತೊಟ್ಟಿಲನ್ನು ನೋಡಿದಳು. ಸೆರಗಿನ ತುದಿಯಿಂದ ಅದರ ಸೀಟಿನ ಧೂಳನ್ನು ಒಂದು ಸಲ ಒರೆಸಿ ಒಳಗೆ ಹೋದಳು. ಅವಳು ಏನೂ ಕೇಳಲಿಲ್ಲ. ಆದರೆ ಮಾರನೆಯ ದಿನ ಇನ್ನಾಸಪ್ಪನವರು ತಾವಾಗಿ ಬಂದು, ಈ ಗಾಡಿಯಲ್ಲಿ ಹೋದರೆ ಹರಕೆ ಆಗುತ್ತದೋ ಇಲ್ಲವೋ ಪರೀಕ್ಷೆ ಮಾಡಬೇಕು ಎಂದಾಗ, ಅವರಿಗೆ ಹೇಳಿಕಳಿಸಿದವರು ಯಾರೆಂದು ಮಗನಿಗೆ ತಿಳಿಯಿತು.

ಇನ್ನಾಸಪ್ಪನವರನ್ನು ತೊಟ್ಟಿಲಲ್ಲಿ ಕೂರಿಸಿಕೊಂಡು ಸಿದ್ದರಾಜು ಹಿನಕಲ್ಲಿನವರೆಗೂ ಹೋಗಿ ಬಂದ. ಹೋಗುವಾಗ ಅವರ ರುಮಾಲು ತಲೆಯ ಮೇಲಿತ್ತು, ಬರುವಾಗ ಹಲ್ಲಿನಲ್ಲಿತ್ತು. ಇಳಿದವರು ಮೊದಲು ಜಗಲಿಯ ಕಂಬ ಹಿಡಿದುಕೊಂಡರು.

"ಐತೆ ಕಣಮ್ಮ," ಎಂದರು ಕೊನೆಗೆ. "ಕಷ್ಟ ಐತೆ. ನಡೆದ್ರೆ ಕಾಲು ಒಂದೇ ನೋಯ್ತದೆ. ಇದ್ರಲ್ಲಿ ಮೂಳೆ ಒಂದನ್ನೂ ಬುಡಲ್ಲ. ಧಾರಾಳವಾಗಿ ಹರಕೆಗೆ ಆಗ್ತದೆ."

ಜ್ಞಾನಮ್ಮ ಒಳಗೆ ಹೋಗಿ ಅವರಿಗೆ ಕಾಫಿ ತಂದಳು. ಲೋಟ ಕೊಟ್ಟವಳು ತೊಟ್ಟಿಲಿನ ಅಂಚು ಹಿಡಿದು, ಮಂಡಿ ಎಷ್ಟು ಮಡಚುತ್ತದೆಂದು ಒಂದು ಸಲ ಬಗ್ಗಿಸಿ ನೋಡಿಕೊಂಡಳು. ಸಂತಿಯಾಗು ಅದನ್ನು ನೋಡಿದ. ಅಲ್ಲಿಯವರೆಗೆ ಈ ಪ್ರಯಾಣ ಅವನಿಗೆ ತಾನೊಬ್ಬ ಮೋಟಾರಿನವನು ಎಂದು ಊರಿಗೆ ತೋರಿಸುವ ಉಪಾಯವಾಗಿತ್ತು. ಈಗ ಅದು ಹಾಗೆ ಉಳಿಯಲಿಲ್ಲ. ಹೊರಡುವುದೇ ಆದರೆ ಇದೇ ವರ್ಷ ಹೊರಡಬೇಕು. ಬರುವ ವರ್ಷದ ಹೊತ್ತಿಗೆ ಆ ಮಂಡಿ ತೊಟ್ಟಿಲೊಳಗೆ ಮಡಚಿ ಕೂರುವಷ್ಟಾದರೂ ಬಗ್ಗುತ್ತದೆಂದು ಹೇಳುವವರು ಯಾರು?

ಸಿದ್ಧತೆ ಶುರುವಾಯಿತು. ಚಾಮರಾಜನಗರ ದಾಟಿ, ದಿಂಬಂ ಘಟ್ಟ ಇಳಿದು, ಸತ್ಯಮಂಗಲ, ಈರೋಡು, ತಿರುಚಿನಾಪಳ್ಳಿ, ತಂಜಾವೂರು ಎಂದು ಸಂತಿಯಾಗು ಊರುಗಳ ಹೆಸರನ್ನು ಜಪದಂತೆ ಬಾಯಿಪಾಠ ಮಾಡಿದ. ಪೆಟ್ರೋಲಿಗೆ ಡಬ್ಬ ಹೊಂದಿಸಿದ. ಹಳೇ ಸಾಮಾನಿನ ಅಂಗಡಿಯಿಂದ ಧೂಳುಕನ್ನಡಕ ತಂದ. ಅದರ ಒಂದು ಗಾಜು ಸೀಳಿದ್ದರಿಂದ ದಾರಿಯಲ್ಲಿ ಎದುರಾದ ಎಮ್ಮೆಯೆಲ್ಲ ಎರಡೆರಡು ಕಾಣುತ್ತಿತ್ತು. ಅವನು ಎರಡರ ನಡುವೆ ಹೋಗಲು ನೋಡುತ್ತಿದ್ದ. ಬಿಡುವುದನ್ನು ಅಷ್ಟಿಷ್ಟು ಕಲಿತ. ಗಾಡಿ ನಿಂತರೆ ಅದನ್ನು ಮತ್ತೆ ನಡೆಸುವುದನ್ನು ಕಲಿಯಲಿಲ್ಲ, ಕಲಿಯುವ ಗರಜೂ ಕಾಣಲಿಲ್ಲ. ಹಿಂದಿನ ಸೀಟಿನಲ್ಲಿ ಸಿದ್ದರಾಜು ಇರುತ್ತಾನಲ್ಲ. ಪಂಕ್ಚರಾಗಲಿ, ಪ್ಲಗ್ಗು ಕರಿಹಿಡಿಯಲಿ, ಸಿದ್ದರಾಜು ಇಳಿಯುತ್ತಾನೆ, ತಾನು ಮರದ ನೆರಳಲ್ಲಿ ನಿಂತು ದಾರಿಹೋಕರಿಗೆ ಮೈಸೂರಿನಿಂದ ಬಂದ ಕಥೆ ಹೇಳುತ್ತೇನೆ. ಇದು ಅವನ ಮನಸ್ಸಿನಲ್ಲಿದ್ದ ಏರ್ಪಾಡು.

ಭಾರ ಎಳೆಯುತ್ತದೋ ಇಲ್ಲವೋ ನೋಡಲು ಚಾಮುಂಡಿ ಬೆಟ್ಟ ಹತ್ತಿಸಬೇಕೆಂದು ಸಿದ್ದರಾಜು ಹೇಳಿದ. ಅದಕ್ಕೆ ಜ್ಞಾನಮ್ಮನ ತೂಕ ಬೇಕು. ಅವಳನ್ನು ಅಂಗಡಿಗೆ ಕರೆದುಕೊಂಡು ಹೋಗಿ ಬೆಲ್ಲ ತೂಗುವ ದೊಡ್ಡ ತಕ್ಕಡಿಯಲ್ಲಿ ಕೂರಿಸಿದರು. ಇನ್ನೊಂದು ತಟ್ಟೆಗೆ ಬೆಲ್ಲದ ಉಂಡೆ ಏರಿಸುತ್ತಿದ್ದಂತೆ ಬೀದಿಯಲ್ಲಿ ಜನ ನಿಂತರು.

"ಏನಮ್ಮಾ, ತುಲಾಭಾರವೇ?" ಎಂದರು ಏಕಾಂತಯ್ಯನವರು ಗಲ್ಲಾಪೆಟ್ಟಿಗೆಯ ಹಿಂದಿನಿಂದ. "ಹಾಗಾದ್ರೆ ಬೆಲ್ಲ ವಾಪಸ್ ಬರಲ್ಲ ಅನ್ನಿ."

"ನೀವೇ ಇಟ್ಕೊಳ್ಳಿ ಯಜಮಾನ್ರೇ. ಇವನು ಹತ್ತಿಸೋ ಗಾಡಿ ಮೇಲೆ ಕೂತ್ರೆ ನನಗೆ ಕಹಿ ಆದ್ರೂ ಒಂದೇ, ಸಿಹಿ ಆದ್ರೂ ಒಂದೇ," ಎಂದಳು ಜ್ಞಾನಮ್ಮ ತಕ್ಕಡಿಯ ಸರಪಳಿ ಹಿಡಿದುಕೊಂಡು.

ಅವಳ ತೂಕದ ಹುಣಿಸೆಹಣ್ಣಿನ ಮೂಟೆಯನ್ನು ತೊಟ್ಟಿಲಲ್ಲಿ ಕೂರಿಸಿ, ಸಿದ್ದರಾಜುವನ್ನು ಹಿಂದೆ ಕೂರಿಸಿಕೊಂಡು ಸಂತಿಯಾಗು ಬೆಟ್ಟ ಹತ್ತಿಸಿದ. ಗಾಡಿ ಏದುಸಿರು ಬಿಡುತ್ತ ಹತ್ತಿತು. ಸಿದ್ದರಾಜು ಎಂಜಿನಿಗೆ ಕಿವಿಗೊಟ್ಟು, "ಇಷ್ಟೇ ಕಣೋ. ಇದಕ್ಕಿಂತ ಒಂದು ತೆಂಗಿನಕಾಯಿ ಜಾಸ್ತಿ ಆದ್ರೂ ಘಟ್ಟದಲ್ಲಿ ನಾವೇ ಇದನ್ನ ಹೊತ್ಕೊಂಡು ಹೋಗ್ಬೇಕಾಯ್ತದೆ," ಎಂದ.

ಆ ಮಾತು ಕಿವಿಯಲ್ಲಿರುವಾಗಲೇ ಮಾರನೆಯ ಭಾನುವಾರ ಸಂತಿಯಾಗು ತನ್ನ ಜೀವಮಾನದ ದೊಡ್ಡ ತಪ್ಪು ಮಾಡಿದ. ಪೂಜೆ ಮುಗಿಸಿ ಹೊರಬಂದವರು ಗಾಡಿಯ ಸುತ್ತ ಸೇರಿದ್ದರು. ಸೆರಗು ಹೊದ್ದ ಹೆಂಗಸರೂ ಇದ್ದರು. ಯಾರೋ ಕೇಳಿದರು, "ಈ ತೊಟ್ಟಿಲಲ್ಲಿ ಎಷ್ಟಪ್ಪ ಹಿಡಿಸ್ತದೆ?"

"ಎಷ್ಟು ಬೇಕಾದ್ರೂ ಹಾಕಿ," ಎಂದ ಸಂತಿಯಾಗು, ಹ್ಯಾಂಡಲಿನ ಮೇಲೆ ಮೊಣಕೈ ಊರಿ. "ಅರ್ಧ ಮಂಡಿ ಮೊಹಲ್ಲಾ ಹಿಡಿಸ್ತದೆ."

ಬೇರೆ ಊರಿಗೆ ಹೊರಟವನು ಹೀಗೆ ಜಂಬ ಕೊಚ್ಚಿದರೆ ಜನ ನಕ್ಕು ಹೋಗುತ್ತಾರೆ. ವೇಳಾಂಕಣಿಗೆ ಹೊರಟವನು ಹೇಳಿದರೆ ಅದು ತಮಟೆ ಹೊಡೆಸಿದಂತೆ. ಹರಕೆಗೆ ಹೊರಟವರ ಕೈಯಲ್ಲಿ ಬೀದಿಯವರೆಲ್ಲ ತಮ್ಮ ತಮ್ಮ ಕಾಣಿಕೆ ಕೊಟ್ಟು ಕಳಿಸುವುದು ಅಲ್ಲಿನ ವಾಡಿಕೆ. ಕೊಟ್ಟದ್ದನ್ನು ಬೇಡವೆನ್ನುವಂತಿಲ್ಲ. ಬೇಡವೆಂದರೆ ಅವರ ಹರಕೆಗೆ ಅಡ್ಡ ನಿಂತಂತೆ. ಇಸಕೊಂಡ ಮೇಲೆ ಹಿಂದಕ್ಕೆ ಕೊಡುವಂತೆಯೂ ಇಲ್ಲ. ನಡೆದು ಹೋಗುವವರು ಎಷ್ಟು ಹೊರಬಲ್ಲರು ಎಂದು ಜನ ಹಿಡಿತದಲ್ಲಿ ಕೊಡುತ್ತಿದ್ದರು, ಒಂದು ಬತ್ತಿ, ಒಂದು ಕಾಸು, ಇಷ್ಟೇ. ಈಗ ಮೋಟಾರು ಹೊರಟಿದೆ, ಅರ್ಧ ಮೊಹಲ್ಲಾ ಹಿಡಿಸುತ್ತದೆಂದು ಮೋಟಾರಿನವನೇ ಹೇಳಿದ್ದಾನೆ.

ಅವನು ಅಂಗಡಿಯಲ್ಲಿದ್ದ ಹೊತ್ತಿನಲ್ಲಿ ಮನೆಗೆ ಕಾಣಿಕೆಗಳು ಬರತೊಡಗಿದವು. ಮೊದಲು ಬಂದವಳು ಪಕ್ಕದ ಮನೆಯ ಸಹಾಯಮೇರಿ. ಅವಳ ಮಗು ಮೂರು ತುಂಬಿದರೂ ನಡೆಯುತ್ತಿರಲಿಲ್ಲ. ಬೆರಳುದ್ದದ ಬೆಳ್ಳಿಯ ಕಾಲು ಮಾಡಿಸಿ ತಂದಿದ್ದಳು. ಅದು ಜೇಬಿನಲ್ಲಿ ಹಿಡಿಸುವಂಥದು. ಆದರೆ ಜೊತೆಗೆ ಮಗುವಿನೆತ್ತರದ ಮೇಣದಬತ್ತಿಯೂ ಇತ್ತು. ಹರಕೆಯ ಬತ್ತಿ ಯಾರಿಗಾಗಿ ಹರಕೆಯೋ ಅವರ ಎತ್ತರವೇ ಇರಬೇಕು. ಆರೋಗ್ಯಮೇರಿ ಎಂಬಾಕೆ ಕುಡಿತ ಬಿಡಲಿ ಎಂದು ಗಂಡನೆತ್ತರದ ಬತ್ತಿ ಮಾಡಿಸಿದಳು. ಆ ಗಂಡ ಬೀದಿಗೇ ಉದ್ದನೆಯ ಆಳು.

"ಅವನನ್ನ ಕೂರಿಸ್ಕೊಂಡು ಅಳತೆ ತಗೋಬಾರದಿತ್ತೇನಮ್ಮ?" ಎಂದು ಸಂತಿಯಾಗು ಸಂಜೆ ಕೇಳಿದ.

"ಅವನು ಕೂತಿದ್ದು ಯಾವಾಗ? ಬಿದ್ದಿರ್ತಾನೆ ಇಲ್ಲ ನಿಂತಿರ್ತಾನೆ," ಎಂದಳು ಆರೋಗ್ಯಮೇರಿ.

ಹಿನಕಲ್ಲಿನಿಂದ ಸಿದ್ದರಾಜುವಿನ ತಾಯಿ ಕೆಂಚಮ್ಮ ಕಂಕುಳಲ್ಲಿ ಹುಂಜ ಇಟ್ಟುಕೊಂಡು ಬಂದಳು. "ನಮ್ಮನೆ ದೇವ್ರು ಬೇರೆ ಅನ್ಬೇಡ ಅಕ್ಕಾ. ಸೊಸೆಗೆ, ಅದೇ ಸಿದ್ದರಾಜುನ ಅತ್ತಿಗೆಗೆ, ಎರಡು ಸಲ ಕೂಸು ನಿಲ್ಲಲಿಲ್ಲ. ನಿಮ್ಮ ತಾಯಿ ಕೊಡ್ತಾಳೆ ಅಂದ್ರು. ತಾಯಿ ತಾಯೇ ಅಲ್ವಾ? ಇದು ಸಾಧು ಹುಂಜ, ಕಾಲ ಬುಡದಾಗೆ ಅಂಗೇ ಕೂತಿರ್ತದೆ," ಎಂದಳು. ಸಾಧು ಹುಂಜ ಆ ಹೊತ್ತಿಗೆ ಜ್ಞಾನಮ್ಮನ ಮುಂಗೈ ಕುಕ್ಕಿ ರಕ್ತ ಬರಿಸಿತ್ತು. ಜ್ಞಾನಮ್ಮ ಸೆರಗಿನಿಂದ ಒತ್ತಿಕೊಂಡು, "ಕೊಡವ್ವ, ನಾನೇ ಒಪ್ಪಿಸ್ತೀನಿ," ಎಂದು ಇಸಕೊಂಡಳು. ಯಾರಿಗೂ ಅವಳು ಬೇರೆ ಮಾತು ಹೇಳಲಿಲ್ಲ.

ತೆಂಗಿನ ಸಸಿಗಳು ಬಂದವು. ಉಪ್ಪು-ಮೆಣಸಿನ ಗಂಟುಗಳು ಬಂದವು. ಕೊನೆಗೆ ಇನ್ನಾಸಪ್ಪನವರ ನಡಿಗೆಯ ಗುಂಪು ಮುಂಚಿತವಾಗಿ ಹೊರಡುವ ಹಿಂದಿನ ದಿನ, ಅವರೆಲ್ಲರ ಹಬ್ಬದ ಬಟ್ಟೆಯ ಗಂಟುಗಳೂ ಬಂದವು.

"ಗಾಡಿ ಎಂಗೂ ಅಲ್ಲಿಗೇ ಬರ್ತದಲ್ಲ ತಮ್ಮಾ," ಎಂದರು ಇನ್ನಾಸಪ್ಪನವರು. "ನಮಗೆ ಬೆನ್ನು ಹಗುರಾಯ್ತದೆ."

"ನಿಮಗೆ ಕಷ್ಟ ಬೇಡ್ವಾ ದೊಡ್ಡಪ್ಪ?"

"ಕಾಲಿಗೆ ಐತಲ್ಲ. ಬೆನ್ನಿಗೂ ಬೇಕು ಅಂತ ಮಾತೆ ಎಲ್ಲೂ ಹೇಳಿಲ್ಲ."

ಹೊರಡುವ ವಾರಕ್ಕೆ ಮುಂಚಿನ ಭಾನುವಾರ ಸಂತಿಯಾಗು ಮತ್ತು ಸಿದ್ದರಾಜು ಎಲ್ಲವನ್ನೂ ಒಮ್ಮೆ ಗಾಡಿಗೆ ತುಂಬಿ ನೋಡಿದರು. ಬತ್ತಿಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ನಿಲ್ಲಿಸಿದರು, ಸಸಿಗಳನ್ನು ಅವುಗಳ ಸಂದಿಗೆ ಸಿಕ್ಕಿಸಿದರು, ಗಂಟುಗಳನ್ನು ಒತ್ತಿದರು, ಪೆಟ್ರೋಲ್ ಡಬ್ಬ, ಹೆಚ್ಚಿನ ಟೈರು, ರಿಪೇರಿ ಪೆಟ್ಟಿಗೆ ಕಟ್ಟಿದರು. ಮಂಡಿಯ ಗುಮಾಸ್ತನಿಗೆ ಅಡಕುವುದು ಹೇಳಿಕೊಡಬೇಕಾಗಿಲ್ಲ. ಎಲ್ಲವೂ ಹಿಡಿಸಿತು. ಸಂತಿಯಾಗು ಹಿಂದೆ ಸರಿದು ಸೊಂಟಕ್ಕೆ ಕೈಕೊಟ್ಟು ನಿಂತ.

"ಚೆನ್ನಾಗೈತೆ," ಎಂದ ಸಿದ್ದರಾಜು. "ನಿಮ್ಮವ್ವ ಎಲ್ಲಿ ಕೂರ್ತಾರೆ?"

ಸಂತಿಯಾಗು ಬಗ್ಗಿ ನೋಡಿದ. ತೊಟ್ಟಿಲಿನಲ್ಲಿ ಒಂದು ಹಿಡಿ ಜಾಗವೂ ಇರಲಿಲ್ಲ. ಜ್ಞಾನಮ್ಮ ಜಗಲಿಯ ಮೇಲೆ ಕಾಲು ಚಾಚಿ ಕೂತು ಅಕ್ಕಿ ಆರಿಸುತ್ತಿದ್ದಳು. ತಲೆ ಎತ್ತದೆ ಹೇಳಿದಳು, "ನಾನು ಬರೋ ವರ್ಷ ಹೋಯ್ತೀನಿ ಬುಡು."

"ಬರೋ ವರ್ಷ ಏನವ್ವ? ಊರವರದೆಲ್ಲ ಹೋಗಿ ನಿನ್ನ ಹರಕೆ ಒಂದೇ ಇಲ್ಲಿ ಉಳೀಬೇಕಾ?"

"ನಂಬಿ ಕೊಟ್ಟವ್ರೆ ಕಣಪ್ಪ. ಆ ಮಗೀನ ಕಾಲನ್ನ ವಾಪಸ್ ತಗೊಂಡು ಹೋಗಿ, ಇದಕ್ಕೆ ಜಾಗ ಇಲ್ಲ ಅನ್ನಕ್ಕಾಯ್ತದಾ?"

"ನಾನೊಬ್ಬನೇ ಹೋದ್ರೆ ನಿನ್ನದು ತೀರ್ತದಾ?"

"ತೀರಲ್ಲ. ನಾನೇ ಕರಕೊಂಡು ಬತ್ತೀನಿ ಅಂದಿದ್ದೆ." ಅವಳು ಮೊರವನ್ನು ಒಮ್ಮೆ ಕೇರಿದಳು. "ಇಷ್ಟು ವರ್ಷ ಕಾದಿಲ್ವಾ ತಾಯಿ? ಇನ್ನೊಂದು ವರ್ಷ ಕಾಯ್ತಾಳೆ."

ಮಾತೆ ಕಾಯುತ್ತಾಳೆ, ಮಂಡಿ ಕಾಯುವುದಿಲ್ಲ ಎಂದು ಸಂತಿಯಾಗುವಿಗೆ ಗೊತ್ತಿತ್ತು. ಅವಳಿಗೂ ಗೊತ್ತಿತ್ತು. ಅಕ್ಕಿ ಆರಿಸಿ ಮುಗಿದಿದ್ದರೂ ಅವಳು ಮೊರ ಕೆಳಗಿಡಲಿಲ್ಲ.

ಮಾರನೆಯ ದಿನ ಅವನು ವಾಡಿಕೆಯನ್ನು ಮುರಿದೇಬಿಡುವುದೆಂದು ಹೊರಟ. ಆರೋಗ್ಯಮೇರಿಯ ಉದ್ದನೆಯ ಬತ್ತಿಯನ್ನು ಹೆಗಲ ಮೇಲೆ ಹೊತ್ತುಕೊಂಡು ಅವಳ ಮನೆಯ ಮುಂದೆ ನಿಂತ. ಬಾಗಿಲು ತೆರೆದವನು ಗಂಡನೇ. ಕುಡಿದಿರಲಿಲ್ಲ. ಬತ್ತಿಯನ್ನು ಮೇಲಿನಿಂದ ಕೆಳಗೆ ನೋಡಿ, ತನ್ನ ನೆತ್ತಿಗೆ ಕೈಯಿಟ್ಟು ಅಳೆದುಕೊಂಡ.

"ಇದು ನಾನಾ?" ಎಂದ.

"ಹೌದಣ್ಣ."

"ಹುಷಾರಾಗಿ ತಗೊಂಡು ಹೋಗಪ್ಪ. ನಡುವೆ ಮುರೀಬಾರ್ದು." ಒಳಗೆ ಹೋಗಿ ಇನ್ನೂ ಒಂದು ಪೊಟ್ಟಣ ಧೂಪ ತಂದು ಕೈಗಿಟ್ಟ.

ಒಂದನ್ನು ಹಿಂದಕ್ಕೆ ಕೊಡಲು ಹೋದವನು ಎರಡನ್ನು ಹೊತ್ತು ಮನೆಗೆ ಬಂದ. ಗಾಡಿ ಇನ್ನೂ ತುಂಬಿದಂತೆಯೇ ಅಂಗಳದಲ್ಲಿ ನಿಂತಿತ್ತು. ಅವನು ಜಗಲಿಯ ಮೇಲೆ ಕೂತು ಅದನ್ನು ನೋಡಿದ. ಅದರಲ್ಲಿದ್ದ ಒಂದೊಂದು ಸಾಮಾನಿನ ಹಿಂದೆಯೂ ಯಾರದೋ ಮಗು, ಯಾರದೋ ಗಂಡ, ಯಾರದೋ ಸೊಸೆ ಇದ್ದರು. ತನಗೋಸ್ಕರ ಎಂದು ಅವನು ಇಟ್ಟುಕೊಂಡಿದ್ದುದು ಒಂದೇ. ಅದು ಹಿಂದಿನ ಸೀಟು, ಅದರ ಮೇಲೆ ಕೂರಬೇಕಾದ ಸಿದ್ದರಾಜು. ಆ ಸೀಟು ಬಿಟ್ಟರೆ ಗಂಟುಗಳೂ ಟೈರೂ ಸಸಿಗಳೂ ಅಲ್ಲಿಗೆ ಏರುತ್ತವೆ, ತೊಟ್ಟಿಲಲ್ಲಿ ಒಬ್ಬರು ಕೂರುವಷ್ಟು ಜಾಗ ಬಿಡುತ್ತದೆ. ಸಿದ್ದರಾಜುವಿನ ಭಾರ ಇಳಿಯುವುದರಿಂದ ಗಾಡಿಯೂ ಎಳೆಯುತ್ತದೆ. ಲೆಕ್ಕ ಇಷ್ಟು ಸುಲಭವಾಗಿದ್ದರೂ ಅದು ನಿನ್ನೆಯೇ ಯಾಕೆ ಹೊಳೆಯಲಿಲ್ಲ ಎಂದು ಅವನು ತನ್ನನ್ನು ಕೇಳಿಕೊಳ್ಳಲಿಲ್ಲ. ಉತ್ತರ ಗೊತ್ತಿತ್ತು. ಸಿದ್ದರಾಜು ಇಲ್ಲದೆ ಆ ಗಾಡಿಯನ್ನು ನಂಜನಗೂಡಿನ ಆಚೆಗೆ ಒಯ್ಯಲು ಅವನಿಗೆ ಭಯ.

ಸೈಕಲ್ ಶಾಪಿಗೆ ಹೋಗಿ ವಿಷಯ ಹೇಳಿದ. ಸಿದ್ದರಾಜು ಒಂದು ಸೈಕಲ್ಲಿನ ಚೈನಿಗೆ ಎಣ್ಣೆ ಬಿಡುತ್ತಿದ್ದವನು ಹಾಗೇ ಬಿಡುತ್ತಿದ್ದ. ಎಣ್ಣೆ ನೆಲಕ್ಕೆ ಹರಿಯಿತು.

"ನಾನು ಸಮುದ್ರ ನೋಡಿಲ್ಲ ಕಣೋ," ಎಂದ.

"ನಾನೂ ನೋಡಿಲ್ಲ."

"ನೀನು ನೋಡ್ತೀಯಲ್ಲ." ಎಣ್ಣೆಡಬ್ಬ ಕೆಳಗಿಟ್ಟು ಚಿಂದಿಯಿಂದ ಕೈ ಒರೆಸಿಕೊಂಡ. ಎಷ್ಟು ಹೊತ್ತು ಒರೆಸಿದರೂ ಅವನಿಗೆ ಸಾಲಲಿಲ್ಲ. "ಹೋಗಲಿ ಬುಡು. ನಿಮ್ಮವ್ವ ಕೂರಲಿ. ಆದ್ರೆ ಲೇ, ನಿಂಗೆ ಪಂಕ್ಚರ್ ಹಾಕಕ್ಕೆ ಬರಲ್ವಲ್ಲೋ. ಎಲ್ಲಾದ್ರೂ ನಡುದಾರೀಲಿ ಆ ತಾಯಿನ ಬಿಸಿಲಲ್ಲಿ ಕೂರಿಸ್ಬುಟ್ರೆ?"

"ಕಲಿಸು."

"ಇದುವರೆಗೂ ಏನು ಮಾಡ್ತಿದ್ದೆ?"

"ನಿನ್ನ ನಂಬ್ಕೊಂಡಿದ್ದೆ."

"ಮೂದೇವಿ," ಎಂದ ಸಿದ್ದರಾಜು. ಅಲ್ಲಿಗೆ ಅವನ ಕೋಪ ಮುಗಿಯಿತು.

ಆ ವಾರ ದಿನವೂ ಅಂಗಡಿ ಮುಚ್ಚಿದ ಮೇಲೆ ಮನೆಯ ಅಂಗಳದಲ್ಲಿ ಪಾಠ ನಡೆಯಿತು. ಸಿದ್ದರಾಜು ತಾನೇ ಟ್ಯೂಬಿಗೆ ಮೊಳೆ ಚುಚ್ಚಿ ಕೊಡುತ್ತಿದ್ದ. ಸಂತಿಯಾಗು ಚಕ್ರ ಬಿಚ್ಚಿ, ಟೈರು ಎಬ್ಬಿಸಿ, ಟ್ಯೂಬನ್ನು ನೀರಿನಲ್ಲಿ ಮುಳುಗಿಸಿ ಗುಳ್ಳೆ ಹುಡುಕಿ, ಉಜ್ಜಿ, ಅಂಟು ಬಳಿದು ತೇಪೆ ಹಾಕಬೇಕು. ಮೊದಲ ತೇಪೆ ಗಾಳಿ ತುಂಬುವಾಗಲೇ ಹಾರಿ ಹುಂಜದ ಮೇಲೆ ಬಿತ್ತು. ಎರಡನೆಯ ಸಲ ಟ್ಯೂಬಿನ ಜೊತೆಗೆ ಅವನ ಹೆಬ್ಬೆರಳೂ ಅಂಟಿಕೊಂಡಿತು. ಅಂಟು ಒಣಗುವವರೆಗೆ ಕಾಯುವ ತಾಳ್ಮೆ ಅವನಿಗಿರಲಿಲ್ಲ; ಊದುತ್ತಿದ್ದ, ಬೀಸುತ್ತಿದ್ದ, ಒಣಗಿತೆಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದ.

"ಅದು ತಾನಾಗೇ ಒಣಗ್ಬೇಕು. ನೀನು ಹೇಳಿದ್ರೆ ಒಣಗಲ್ಲ," ಎಂದ ಸಿದ್ದರಾಜು. "ಸುಮ್ನೆ ಕೂತ್ಕೋ. ನಿಂಗೆ ಬರದಿರೋ ಕೆಲಸ ಅದೊಂದೇ."

ವಾರದ ಕೊನೆಗೆ ಆ ಟ್ಯೂಬಿನಲ್ಲಿ ರಬ್ಬರಿಗಿಂತ ತೇಪೆಯೇ ಹೆಚ್ಚಾಗಿತ್ತು. ಕೊನೆಯ ತೇಪೆ ಮಾತ್ರ ಬೆಳಗಿನವರೆಗೂ ನಿಂತಿತು. ಸಿದ್ದರಾಜು ಅದನ್ನು ಬೆರಳಿನಿಂದ ಕೆರೆದು ನೋಡಿದ. ಚೆನ್ನಾಗಿದೆ ಎನ್ನಲಿಲ್ಲ. "ಘಟ್ಟ ಇಳೀವಾಗ ಬ್ರೇಕು ನಂಬ್ಬೇಡ, ಗೇರಲ್ಲೇ ಇಳಿ," ಎಂದು ಮುಂದಿನ ಪಾಠಕ್ಕೆ ಹೋದ.

ಇಷ್ಟೆಲ್ಲ ಆಗುತ್ತಿದ್ದಾಗ ಜ್ಞಾನಮ್ಮನಿಗೆ ಯಾರೂ ಏನೂ ಹೇಳಿರಲಿಲ್ಲ. ಹೊರಡುವ ಹಿಂದಿನ ಸಂಜೆ ಸಂತಿಯಾಗು ಗಂಟುಗಳನ್ನೂ ಸಸಿಗಳನ್ನೂ ಹಿಂದಿನ ಸೀಟಿಗೆ ಏರಿಸಿ ಹಗ್ಗ ಬಿಗಿದು, ತೊಟ್ಟಿಲಿನಲ್ಲಿ ಕಂಬಳಿ ಮಡಚಿ ಹಾಕಿದ.

"ಸಿದ್ದರಾಜು ಎಲ್ಲಿ ಕೂರ್ತಾನೆ?" ಎಂದಳು ಅವಳು.

"ಅವನು ಬರಲ್ಲ."

"ಯಾಕೆ?"

"ಅವನಿಗೆ ಹರಕೆ ಇಲ್ವಲ್ಲ."

ಜ್ಞಾನಮ್ಮ ಮಗನನ್ನು ನೋಡಿದಳು, ಅವನ ಹೆಬ್ಬೆರಳಿನ ಮೇಲೆ ಒಣಗಿದ್ದ ಅಂಟನ್ನು ನೋಡಿದಳು. "ನಿಂಗೆ ಗಾಡಿ ಕೆಟ್ರೆ ಬರ್ತದಾ?" ಎಂದಳು.

"ಅಷ್ಟಿಷ್ಟು."

"ಮಾತೆಗೆ ಹೇಳ್ಕೋ," ಎಂದು ಅವಳು ಪೆಟ್ಟಿಗೆಯಿಂದ ತನ್ನ ಬಿಳಿ ಸೀರೆ ತೆಗೆಯಲು ಒಳಗೆ ಹೋದಳು. ಇಸ್ತ್ರಿ ಮಾಡಿ ಮಡಚಿಟ್ಟಿದ್ದ ಸೀರೆ. ಬರುವ ವರ್ಷ ಹೋಗುತ್ತೇನೆಂದವಳು ಅದಕ್ಕೆ ಯಾವಾಗ ಇಸ್ತ್ರಿ ಮಾಡಿದಳೋ.

ಬೆಳಿಗ್ಗೆ ಫಾದರ್ ಸ್ವಾಮಿಗಳು ಗಾಡಿಗೆ ಮಂತ್ರಿಸಿದ ನೀರು ಚಿಮುಕಿಸಿದರು. ಎರಡು ಹನಿ ಎಂಜಿನ್ನಿನ ಮೇಲೆ ಬಿದ್ದು ಚುರ್ ಎಂದವು. ಬೀದಿಯೆಲ್ಲ ನಿಂತಿತ್ತು. ಸಹಾಯಮೇರಿ ಮಗುವನ್ನು ಎತ್ತಿ ತೊಟ್ಟಿಲಿನ ಅಂಚಿಗೆ ಅದರ ಪಾದ ಮುಟ್ಟಿಸಿದಳು. ಜ್ಞಾನಮ್ಮನನ್ನು ಸಿದ್ದರಾಜು ಮತ್ತು ಸಂತಿಯಾಗು ಎರಡು ಕಡೆಯಿಂದ ಹಿಡಿದು ತೊಟ್ಟಿಲಿಗೆ ಇಳಿಸಿದರು. ಒಂದು ಮಂಡಿ ಮಡಚಿತು, ಇನ್ನೊಂದನ್ನು ಅವಳೇ ಕೈಯಿಂದ ಎತ್ತಿ ಒಳಗಿಟ್ಟುಕೊಂಡಳು. ಕಾಲ ಬುಡದಲ್ಲಿ ಹುಂಜ, ಮಡಿಲಲ್ಲಿ ಉಪ್ಪಿನ ಗಂಟು, ಸುತ್ತ ಬಿಳಿಬಟ್ಟೆ ಸುತ್ತಿದ ಬತ್ತಿಗಳು. ಸಿದ್ದರಾಜು ಚರ್ಚಿನ ಮೂಲೆಯವರೆಗೆ ಗಾಡಿಯ ಜೊತೆಗೆ ಓಡಿಬಂದು, "ಗೇರಲ್ಲೇ ಇಳಿ ಕಣೋ," ಎಂದು ಇನ್ನೊಂದು ಸಲ ಹೇಳಿ ನಿಂತ.

ಜ್ಞಾನಮ್ಮ ಸೀಟಿಗೆ ಒರಗಲಿಲ್ಲ. ಒಂದು ಕೈಯಲ್ಲಿ ಜಪಸರ, ಇನ್ನೊಂದರಲ್ಲಿ ಆರೋಗ್ಯಮೇರಿಯ ಗಂಡನ ಬತ್ತಿ ಹಿಡಿದು ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು. ಗಾಡಿ ಈಗ ನಿಲ್ಲಬಹುದು, ಯಾರಾದರೂ ಬಂದು ಇಳಿ ಎನ್ನಬಹುದು ಎಂಬಂತೆ ಕೂತಿದ್ದಳು. ಬೆಟ್ಟ ಬಲಗಡೆ ಹಿಂದಾಯಿತೋ ಎಡಗಡೆಯೋ, ಅವಳು ನೋಡಲಿಲ್ಲ. ನಂಜನಗೂಡಿನ ಸೇತುವೆ ದಾಟುವಾಗಲೂ ಹೊಳೆಯ ಕಡೆಗೆ ತಿರುಗಲಿಲ್ಲ.

ಸೇತುವೆಯಿಂದ ಒಂದೆರಡು ಹರದಾರಿ ಆಚೆಗೆ ಹಿಂದಿನ ಚಕ್ರ ಉಸ್ಸೆಂದಿತು. ಗಾಡಿ ಓಲಾಡಿ ನಿಂತಿತು. ಸುತ್ತ ರಾಗಿ ಹೊಲ, ಒಂದು ಮರ, ಒಬ್ಬ ನರಮನುಷ್ಯನಿಲ್ಲ. ಸಂತಿಯಾಗು ಅಭ್ಯಾಸಬಲದಿಂದ ಹಿಂದಕ್ಕೆ ತಿರುಗಿ ನೋಡಿದ. ಹಿಂದಿನ ಸೀಟಿನಲ್ಲಿ ತೆಂಗಿನ ಸಸಿ ಕೂತಿತ್ತು.

"ಏನಾಯ್ತಪ್ಪ?"

"ಗಾಳಿ ಹೋಯ್ತು ಅವ್ವಾ."

"ಬರ್ತದಾ?"

"ನೋಡನ."

ತಾಯಿಯನ್ನು ಇಳಿಸಿ ಮರದಡಿ ಕೂರಿಸಿದ. ಗಂಟುಗಳನ್ನು ಇಳಿಸಿದ. ಚಕ್ರ ಬಿಚ್ಚಿದ. ಮೊಳೆ ಅಲ್ಲ, ಜಾಲಿಯ ಮುಳ್ಳು. ಎಲ್ಲಿ ಚುಚ್ಚಿದೆ ಎಂದು ನೋಡಲು ನೀರಿಲ್ಲ. ತುಟಿಯ ಹತ್ತಿರ ಹಿಡಿದು ಗಾಳಿ ತಾಕುವ ಕಡೆ ಹುಡುಕಿದ. ಉಜ್ಜಿದ, ಅಂಟು ಬಳಿದ. ಆಮೇಲೆ ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತ, ಊದಲಿಲ್ಲ, ಬೀಸಲಿಲ್ಲ. ಮರದ ನೆರಳು ತಾಯಿಯ ಪಾದದಿಂದ ಸರಿಯಿತು. ತೇಪೆ ಹಾಕಿ, ಚಕ್ರ ಕೂರಿಸಿ, ಗಂಟು ಬಿಗಿದು, ತಾಯಿಯನ್ನು ಮತ್ತೆ ತೊಟ್ಟಿಲಿಗೆ ಇಳಿಸಿ, ಗಾಳಿ ಒತ್ತತೊಡಗಿದ. ಟೈರು ಮೆಲ್ಲಗೆ ಎದ್ದಿತು. ಒತ್ತುವುದು ನಿಲ್ಲಿಸಿ ಕಿವಿಗೊಟ್ಟು ಕೇಳಿದ. ಸದ್ದಿಲ್ಲ. ಇನ್ನಷ್ಟು ಒತ್ತಿದ. ಗಾಳಿ ನಿಂತಿತು.

"ಅವ್ವಾ, ನಿಂತ್ಕೊಂತು," ಎಂದ, ಹೊಗಳಿಕೆ ಬರುತ್ತದೆಂದು.

ಜ್ಞಾನಮ್ಮ ಸೀಟಿಗೆ ಒರಗಿ ನಿದ್ದೆ ಹೋಗಿದ್ದಳು. ಬಾಯಿ ಸ್ವಲ್ಪ ತೆರೆದು ಸಣ್ಣಗೆ ಗೊರಕೆ ಬರುತ್ತಿತ್ತು. ಹಗಲಿನಲ್ಲಿ ಅವಳು ನಿದ್ದೆ ಮಾಡಿದ್ದನ್ನು ಅವನು ಹುಟ್ಟಿದಾಗಿನಿಂದ ನೋಡಿರಲಿಲ್ಲ. ಸಂತಿಯಾಗು ಕಿಕ್ಕಿನ ಮೇಲೆ ಇಟ್ಟಿದ್ದ ಕಾಲನ್ನು ತೆಗೆದ. ಒದ್ದರೆ ಆ ಸದ್ದಿಗೆ ಅವಳು ಎದ್ದುಬಿಡುತ್ತಾಳೆ. ಒದ್ದ ಕೂಡಲೇ ಗಾಡಿ ಶುರುವಾಗುತ್ತದೆಂಬ ಖಾತರಿಯೂ ಇರಲಿಲ್ಲ ಎನ್ನಿ. ಸಂಜೆಯೊಳಗೆ ಚಾಮರಾಜನಗರ ಸೇರಬೇಕು, ನಾಳೆ ಘಟ್ಟ ಇಳಿಯಬೇಕು ಎಂದು ಅವನಿಗೆ ಗೊತ್ತಿತ್ತು. ಅವನು ಅವಳ ಮುಖಕ್ಕೆ ಬಿಸಿಲು ಬೀಳದಂತೆ ಅಡ್ಡಲಾಗಿ ಸರಿದು, ದಾರಿಯ ಅಂಚಿನಲ್ಲಿ ಕೂತ.